ದಿನಕ್ಕೆ ಆರು ಸಲ ಉಣ್ಣುವ ಸೊಸೆ

ನನ್ನ ಅತ್ತೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆಕೆ ಮಣ್ಣಾಗಿ ಬಹಳ ವರ್ಷಗಳಾದವು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂದು ಮೊಮ್ಮಕ್ಕಳು ನನಗೆ ಬುದ್ಧಿ ಹೇಳಲು ಬರುತ್ತವೆ. ಆಡಬಾರದಂತೆ! ಆಕೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಗಲೇ ಮುಖದೆದುರು ಆಡಿದವಳು ನಾನು. ಈಗ ದೊಡ್ಡ ಮರ್ಯಾದಸ್ಥೆಯ ಹಾಗೆ ಬಾಯಿ ಮುಚ್ಚಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನನಗಾಗ ಇಪ್ಪತ್ತಮೂರು. ಅಪ್ಪ ಗೋಕಾಕದಲ್ಲಿ ಮಿಲ್ಲಿನ ಕೂಲಿ. ನನ್ನನ್ನು ಏಳನೆಯ ಇಯತ್ತೆಯವರೆಗೆ ಓದಿಸಿ ಕುಲಗೋಡದ ಒಂದು ಒಕ್ಕಲು ಮನೆತನಕ್ಕೆ ಕೊಟ್ಟಿದ್ದ. ಐದು ವರ್ಷದ ಸಂಸಾರದಲ್ಲಿ ಹೊಟ್ಟೆಯಲ್ಲಿ ಕೂಸು ನಿಲ್ಲಲಿಲ್ಲ, ನೋವು ಮಾತ್ರ ನಿಂತಿತು. ಖಾಲಿ ಹೊಟ್ಟೆಯಲ್ಲಿದ್ದಾಗ ಎದೆಯ ಗುಳಿಯ ಕೆಳಗೆ ಕೆಂಡ ಇಟ್ಟಂತೆ ಉರಿಯುತ್ತಿತ್ತು. ಅಜವಾನ, ಜೀರಿಗೆ ಕಷಾಯ, ಹೊಕ್ಕುಳ ಮೇಲೆ ಬರೆ, ಎಲ್ಲವೂ ಆದವು. ಕಡೆಗೆ ಒಂದು ದಿನ ಹಿತ್ತಲಲ್ಲಿ ಕಪ್ಪು ರಕ್ತ ವಾಂತಿ ಮಾಡಿಕೊಂಡು ಬಿದ್ದೆ. ಸುದ್ದಿ ಮುಟ್ಟಿದ ಕೂಡಲೇ ಅಪ್ಪ ಓಡಿಬಂದು, ನನ್ನ ಗಂಡನನ್ನೂ ಎಬ್ಬಿಸಿಕೊಂಡು, ರೈಲು ಹತ್ತಿಸಿ ದೂರದ ಒಂದು ದೊಡ್ಡ ದವಾಖಾನೆಗೆ ನನ್ನನ್ನು ಒಯ್ದ. ಹಾಗೆ ಒಯ್ದಿದ್ದಕ್ಕೂ ಅತ್ತೆಯ ಮನೆಯಲ್ಲಿ ಆಮೇಲೆ ಮಾತು ಬಂತು.

ಹೊಟ್ಟೆಯಲ್ಲಿ ಹುಣ್ಣು ಬಲಿತಿತ್ತು. ಡಾಕ್ಟರು ಕೊಯ್ದು, ಹೊಟ್ಟೆಯ ಚೀಲದ ಮುಕ್ಕಾಲು ಪಾಲು ತೆಗೆದು, ಉಳಿದದ್ದನ್ನು ಕರುಳಿಗೆ ಹೊಲಿದರು. ನನ್ನ ಗಂಡ ಕೈಕಟ್ಟಿ ನಿಂತು ಕೇಳಿದ ಒಂದೇ ಪ್ರಶ್ನೆ ಇದು: "ಉಳದದ್ದು ಮತ್ತ ಬೆಳೀತೈತೇನ್ರಿ, ಸಾಹೇಬ್ರ?" ಡಾಕ್ಟರು ನಗಲಿಲ್ಲ. ಇಷ್ಟು ಚಿಕ್ಕ ವಯಸ್ಸಿಗೆ ಹುಣ್ಣು ಇಷ್ಟು ಕೆಡಬೇಕಾದರೆ ಈ ಹುಡುಗಿ ಹೊತ್ತು ಹೊತ್ತಿಗೆ ಉಂಡೇ ಇಲ್ಲ ಅಂತ ಕಾಣುತ್ತದೆ ಎಂದರು. ಗಂಡ ನೆಲ ನೋಡಿದ.

ಮನೆಗೆ ಕಳಿಸುವ ದಿನ ವಯಸ್ಸಾದ ನರ್ಸಬಾಯಿ ಒಬ್ಬಳು ಬಂದು ನನ್ನ ಕೈ ಹಿಡಿದು ಮುಷ್ಟಿ ಕಟ್ಟಿಸಿದಳು. "ಈಗ ನಿನ್ನ ಹೊಟ್ಟಿ ಇಷ್ಟ ನೋಡ ತಂಗಿ. ಎರಡ ತಾಸಿಗೊಮ್ಮೆ ಇಷ್ಟಿಷ್ಟ ತಿನ್ನು. ದಿನಕ್ಕ ಆರ ಸಲ. ಒಮ್ಮೆಲೇ ತುಂಬ್ಕೊಂಡ್ರೂ ಸಾಯ್ತಿ, ಹಸದ ಕುಂತ್ರೂ ಸಾಯ್ತಿ. ನುಚ್ಚು, ಹಾಲು, ಮೆತ್ತಗಿನ ಅನ್ನ, ಮೊಟ್ಟಿ. ಬೆಲ್ಲ, ಸಕ್ರಿ ಮುಟ್ಟಬ್ಯಾಡ." ಮೊಟ್ಟೆ ಎಂದಾಗ ನನ್ನ ಗಂಡ ಕೊರಳಲ್ಲಿದ್ದ ಲಿಂಗದ ಮೇಲೆ ಕೈ ಇಟ್ಟುಕೊಂಡ. ಡಾಕ್ಟರು ಈ ಆರು ಊಟವನ್ನೂ ನನ್ನ ತೂಕವನ್ನೂ ಒಂದು ಕಾಗದದ ಮೇಲೆ ಬರೆದುಕೊಟ್ಟು, ಇದಕ್ಕಿಂತ ಕೆಳಗೆ ಹೋದರೆ ಈಕೆ ಉಳಿಯುವುದು ಕಷ್ಟ ಎಂದು ಗಂಡನಿಗೇ ಹೇಳಿದರು. ಅವನು ಎಲ್ಲದಕ್ಕೂ ಹೂಂ ಹೂಂ ಎಂದ. ಗೋಕಾಕದಿಂದ ಕುಲಗೋಡದ ಬಸ್ಸಿನಲ್ಲಿ ಕೂತಾಗ ನಾನು ಮತ್ತೆ ಕೇಳಿದೆ, "ಅತ್ತಿಗೆ ನೀವ ಹೇಳ್ತೀರಿ ಹೌದಲ್ರಿ?" "ಹೇಳ್ತೇನಿ ಬಿಡ" ಎಂದು ಕಿಟಕಿಯ ಕಡೆ ತಿರುಗಿದ.

ಹೇಳಲಿಲ್ಲ. ಆ ಮನೆಯಲ್ಲಿ ಊಟಕ್ಕೊಂದು ಕ್ರಮವಿತ್ತು, ಅದನ್ನು ಮುರಿಯುವ ಮಾತನ್ನು ತಾಯಿಯ ಮುಂದೆ ಆಡುವ ಎದೆ ಅವನಿಗಿರಲಿಲ್ಲ. ಮಾವ ಲಿಂಗಪೂಜೆ ಮಾಡಿ ಮೊದಲು ಕೂರಬೇಕು. ಅವರ ಮಗ್ಗುಲಿಗೆ ನನ್ನ ಗಂಡ, ಮೈದುನ. ಅವರು ಕೈ ತೊಳೆದ ಮೇಲೆ ದುಡಿಯುವ ಆಳು. ಅವನಾದ ಮೇಲೆ ಅತ್ತೆ. ಅತ್ತೆ ಉಂಡು, ಎಲೆ ಅಡಿಕೆ ಹಾಕಿಕೊಂಡು, "ಏ, ನೀನೂ ಉಣ್ಣ" ಎಂದ ಮೇಲೆ ನಾನು. ಹೊಲಕ್ಕೆ ಬುತ್ತಿ ಹೊತ್ತು ಹೋಗಿ, ಖಾಲಿ ಬುಟ್ಟಿ ವಾಪಸು ತಂದು ನಾನು ಉಣ್ಣುವಾಗ ಹೊತ್ತು ಇಳಿದಿರುತ್ತಿತ್ತು. ಮತ್ತೆ ಕತ್ತಲಾದ ಮೇಲೆ ಎರಡನೆಯ ಊಟ. ನಡುವೆ ತುತ್ತು ಬಾಯಿಗೆ ಹಾಕಿದ ಸೊಸೆ ಮನೆ ಹಾಳು ಮಾಡುತ್ತಾಳೆ, ಗಂಡಸರು ಉಣ್ಣುವ ಮುಂಚೆ ಉಂಡವಳು ಗಂಡನ ಆಯುಷ್ಯ ತಿನ್ನುತ್ತಾಳೆ. ಇದು ನಮ್ಮ ಮನೆಯದೊಂದೇ ರೀತಿ ಎಂದುಕೊಳ್ಳಬೇಡಿ. ಓಣಿಯ ಯಾವ ಮನೆಗೆ ಹೋದರೂ ಹೀಗೇ ಇತ್ತು, ಅದಕ್ಕೇ ಯಾರಿಗೂ ಅದು ಕಾಣುತ್ತಿರಲಿಲ್ಲ.

ಆದರೆ ಮೊದಲ ಹನ್ನೆರಡು ದಿನ ನನಗೆ ಉಪವಾಸ ಬೀಳಲಿಲ್ಲ. ಅದರದ್ದೊಂದು ಬೇರೆಯೇ ಕಥೆ. ಹೊಟ್ಟೆ ಕೊಯ್ದಿದ್ದಾರೆ ಎಂದ ಕೂಡಲೇ ನಮ್ಮ ಮನೆಯ ಹೆಂಗಸರಿಗೆ ಗೊತ್ತಿದ್ದದ್ದು ಒಂದೇ, ಬಾಣಂತನ. ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಗೆ ಕೊಟ್ಟಿದ್ದ ದೊಡ್ಡ ನಾದಿನಿ ಒಂದು ಡಬ್ಬಿ ತುಂಬ ಅಂಟಿನುಂಡೆ ಕಟ್ಟಿಕೊಂಡು ಬಂದಳು. ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಒಂದೊಂದು ಉಂಡೆ ಲಿಂಬೆಹಣ್ಣಿಗಿಂತ ದೊಡ್ಡದು. ನನ್ನನ್ನು ಕತ್ತಲೆ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿಸಿ, ಕಿವಿಗೆ ಬಟ್ಟೆ ಕಟ್ಟಿ, ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಟ್ಟರು. ನೋಡಲು ಬಂದ ಒಬ್ಬ ಮುದುಕಿ ಹಾಸಿಗೆಯ ತುಂಬ ಕೈಯಾಡಿಸಿ, "ಕೂಸ ಎಲ್ಲೈತಬೇ?" ಎಂದಳು. ನಾದಿನಿ ಕಿಸಕ್ಕನೆ ನಕ್ಕಳು. ಆ ನಗೆ ನನಗೆ ಇವತ್ತಿಗೂ ಮೈ ಉರಿಸುತ್ತದೆ.

ಊಟ ಎರಡೇ ಹೊತ್ತು, ಆದರೆ ಎರಡೂ ಹೊತ್ತು ಗಂಗಾಳ ತುಂಬ. ಬಿಸಿ ಅನ್ನ, ಅದರ ಮೇಲೆ ತುಪ್ಪ, ಮಗ್ಗುಲಿಗೆ ಬೆಲ್ಲ, ಮೇಲೊಂದು ಅಂಟಿನುಂಡೆ. ನಾನು ಮುಷ್ಟಿ ಕಟ್ಟಿ ತೋರಿಸಿ, "ಇಷ್ಟ ಸಾಕ್ರಿ, ಎರಡ ತಾಸ ಬಿಟ್ಟ ಮತ್ತ ಇಷ್ಟ ಕೊಡ್ರಿ" ಎಂದೆ. ಅತ್ತೆ, "ಹೊಟ್ಟಿ ಖಾಲಿ ಬಿಟ್ರ ವಾಯು ತುಂಬತೈತಿ. ಸುಮ್ನ ತಿನ್ನ" ಎಂದಳು. ಆಕೆಯೊಬ್ಬಳದೇ ತಪ್ಪು ಎನ್ನಲಾರೆ. ದವಾಖಾನೆಯ ಗಂಜಿ ಕುಡಿದು ಕುಡಿದು ನನ್ನ ನಾಲಿಗೆ ಸತ್ತಿತ್ತು, ತುಪ್ಪದ ವಾಸನೆಗೆ ಬಾಯಲ್ಲಿ ನೀರು ಬಂತು, ತಿಂದುಬಿಟ್ಟೆ. ತುಸು ಹೊತ್ತಿನಲ್ಲೇ ಎದೆ ಡವಡವ ಹೊಡೆದುಕೊಂಡಿತು. ಮೈಯೆಲ್ಲ ಬೆವರು, ಕರುಳು ಹಿಂಡಿ ಹಿಂಡಿ ಬಂತು. ಹೊರಸಿನಿಂದ ತಲೆ ಇಳಿಬಿಟ್ಟು ಎಲ್ಲವನ್ನೂ ಕೆಂಡದ ಮೇಲೆ ಕಾರಿಕೊಂಡೆ. ತುಪ್ಪದ ಹೊಗೆ ಮನೆಯೆಲ್ಲ ತುಂಬಿತು.

ಹೀಗೆ ದಿನ ಬಿಟ್ಟು ದಿನ. ಹದಿಮೂರನೆಯ ದಿನ ಅತ್ತೆ ಕೋಣೆಗೆ ಬಂದು ನನ್ನ ಕಿವಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. "ಒಂದ ಗಡಗಿ ತುಪ್ಪ ಮಣ್ಣಪಾಲ ಮಾಡಿದಿ. ಕೂಸಿಲ್ಲದ ಬಾಣಂತಿಗೆ ಇಷ್ಟ ಸಾಕು, ಏಳ" ಎಂದಳು. ಎದ್ದೆ. ಅವತ್ತೇ ಒಲೆಯ ಮುಂದೆ ಕೂತೆ.

ಅಲ್ಲಿಂದ ಹಸಿವು ಶುರುವಾಯಿತು. ಹಸಿವು ಎಲ್ಲರಿಗೂ ಗೊತ್ತು, ಆದರೆ ನನ್ನದು ಬೇರೆ ತರದ ಹಸಿವು. ಉಂಡಾಗ ಅರ್ಧ ರೊಟ್ಟಿಗೆ ಗಂಟಲಮಟ ತುಂಬಿ ಉಸಿರು ಕಟ್ಟುತ್ತಿತ್ತು. ಎರಡು ತಾಸು ಕಳೆಯುವಷ್ಟರಲ್ಲಿ ಎಂದೂ ಉಂಡೇ ಇಲ್ಲವೇನೋ ಎಂಬಂತೆ ಕೈ ನಡುಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು, ಮೊಣಕಾಲು ಸೋಲುತ್ತಿತ್ತು. ಬೆಳಿಗ್ಗೆಯಿಂದ ಇಳಿಹೊತ್ತಿನವರೆಗೆ ಒಲೆಯ ಮುಂದೆ ಕೂತು ಊರಿಗಾಗುವಷ್ಟು ರೊಟ್ಟಿ ಬಡಿಯಬೇಕು, ಒಂದು ಚೂರು ಮುರಿದು ಬಾಯಿಗೆ ಹಾಕುವ ಹಾಗಿಲ್ಲ. ಗಂಡಸರು ಬಚಬಚ ಅಗಿಯುವ ಸದ್ದು ಒಳಗೆ ಕೇಳುತ್ತಿತ್ತು. ಮೈದುನ ಉಳ್ಳಾಗಡ್ಡಿ ಗುದ್ದಿ ಒಡೆಯುವ ಸದ್ದು, ಮಾವ ಮಜ್ಜಿಗೆ ಸುರ್ ಎಂದು ಎಳೆಯುವ ಸದ್ದು. ಆ ಬಾಯಿಗಳನ್ನೆಲ್ಲ ನಾನು ದ್ವೇಷಿಸಿದೆ. ನನ್ನ ಗಂಡನ ಬಾಯಿಯನ್ನು ಎಲ್ಲಕ್ಕಿಂತ ಹೆಚ್ಚು.

ಅವನು ಹೇಳದಿದ್ದರೆ ಬೇಡ, ನಾನೇ ಹೇಳಿದೆ. "ಅತ್ತಿ, ಡಾಕ್ಟರ್ ದಿನಕ್ಕ ಆರ ಸಲ ಉಣ್ಣಾಕ ಹೇಳ್ಯಾರ್ರಿ. ಸ್ವಲ್ಪ ಸ್ವಲ್ಪ."

"ಆರ ಸಲಾ?" ಆಕೆ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. "ನಮ್ಮ ಎಮ್ಮಿನೂ ಆರ ಸಲ ತಿನ್ನಂಗಿಲ್ಲ."

ಎಮ್ಮೆ ದಿನವಿಡೀ ತಿನ್ನುತ್ತದೆ. ಎಮ್ಮೆಗೆ ಹೊಟ್ಟು ಹಾಕುವವಳು ಆಕೆಯೇ, ಅದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಳಿಹೊತ್ತಿಗೆ ನಾನು ಉಣ್ಣಲು ಕೂತು ಅರ್ಧ ರೊಟ್ಟಿ ಬಿಟ್ಟರೆ ಮತ್ತೆ ಶುರು: "ನೋಡ್ರೆವಾ, ಆರ ಸಲ ಬೇಕಂತಾಳ, ಒಂದ ಸಲದ್ದ ಉಂಡ ಮುಗ್ಸಂಗಿಲ್ಲ." ತಿಂದರೆ ಹೊಟ್ಟೆಬಾಕಿ, ಬಿಟ್ಟರೆ ಸೊಕ್ಕಿನವಳು. ಅತ್ತೆ ಒಡೆದರೆ ಹಳೆ ಗಡಿಗೆ, ಸೊಸೆ ಒಡೆದರೆ ಹೊಸ ಗಡಿಗೆ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಎರಡು ದಿನದಲ್ಲಿ ಓಣಿಯ ತುಂಬ ನನಗೊಂದು ಹೆಸರು ಬಿತ್ತು, ಆರ ಸಲ ಉಣ್ಣಾಕಿ ಎಂದು. ನೀರಿಗೆ ಹೋದರೆ ಬಾವಿಯ ಕಟ್ಟೆಯ ಮೇಲೆ, "ಇದ ಎಷ್ಟನೇದ ಸಲಾರೆವಾ?" ಎಂದು ನಗುತ್ತಿದ್ದರು. ನಗಲಿ, ಅವರ ಹೊಟ್ಟೆ ಅವರ ಹತ್ತಿರ ಪೂರ್ತಿ ಇತ್ತು.

ಆಮೇಲೆ ನಾನು ಕದಿಯಲು ಕಲಿತೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಹುರಿದ ಸೇಂಗಾವನ್ನು ಒಂದು ಚಿಂದಿಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಗಣಿ ಬಾಚುವ ನೆಪದಲ್ಲಿ ದನದ ಕೊಟ್ಟಿಗೆಗೆ ಹೋಗುತ್ತಿದ್ದೆ. ಎಮ್ಮೆಯ ಮರೆಯಲ್ಲಿ ನಿಂತು ಒಂದೊಂದೇ ಕಾಳನ್ನು ನುಣ್ಣಗಾಗುವವರೆಗೆ ಅಗಿಯುತ್ತಿದ್ದೆ. ಹತ್ತು ಕಾಳಿಗೆ ಕೈಯ ನಡುಕ ನಿಲ್ಲುತ್ತಿತ್ತು. ಆ ಹತ್ತು ಕಾಳು ತಿಂದ ಮೇಲೆ ಜಗತ್ತಿನ ಮೇಲಿನ ಸಿಟ್ಟೂ ಅರ್ಧ ಇಳಿಯುತ್ತಿತ್ತು, ಖರೆ ಹೇಳುತ್ತೇನೆ. ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಬಾಜೂ ಮನೆಯವಳು ಮಜ್ಜಿಗೆ ಕೇಳಲು ಹಿತ್ತಲ ಬಾಗಿಲಿನಿಂದ ಬಂದು ನೋಡಿಬಿಟ್ಟಳು. "ಅಯ್ಯ ಶಿವನ! ಸಗಣಿ ಬಳಿಯೂ ಕೈ ಬಾಯಿಗೆ ಹೋಕ್ಕಾವಲ್ಲಬೇ!" ಎಂದು ಕೂಗಿಕೊಂಡೇ ಒಳಗೆ ಹೋದಳು. ಅತ್ತೆ ಬಂದು ನನ್ನ ಸೊಂಟದ ಗಂಟು ಎಳೆದು ಬಿಚ್ಚಿದಳು. ಕಾಳು ಸಗಣಿಯಲ್ಲಿ ಬಿದ್ದವು. "ಕಳವಿನ ಬಾಯಿ" ಎಂದು ಅಷ್ಟೇ ಹೇಳಿ ಹೋದಳು. ಅವತ್ತಿನಿಂದ ರೊಟ್ಟಿಯ ಬುಟ್ಟಿ ಆಕೆಯ ಮಗ್ಗುಲಲ್ಲೇ ಕೂತಿತು.

ನಾನು ಗಂಡನನ್ನು ಬಣವೆಯ ಹಿಂದೆ ತಡೆದು ನಿಲ್ಲಿಸಿದೆ. "ಹೇಳಿದ್ರಿಲ್ಲೋ?"

"ಅವ್ವಗ ಹೆಂಗ ಹೇಳ್ಲಿ? ಆಕಿ ತಿಳಕೊಳ್ಳಾಂಗಿಲ್ಲ. ಸ್ವಲ್ಪ ತಡಕೊ."

"ಎಲ್ಲೀಮಟ ತಡಕೊಳ್ಳಿ?"

"ಸುಗ್ಗಿ ಮುಗೀಲಿ."

ಸುಗ್ಗಿ! ಜೋಳ ಇನ್ನೂ ಹಾಲುಗಾಳಿನಲ್ಲಿತ್ತು. "ಸುಗ್ಗಿತನಕ ನಾ ಇರ್ತೇನೋ ಇಲ್ಲೋ, ತೂಕ ಮಾಡಿ ನೋಡ್ರಿ" ಎಂದು ಹಟ ಹಿಡಿದೆ. ಆ ಮಾತಿಗೆ ಸ್ವಲ್ಪ ಹೆದರಿದ. ಸಂತೆಯ ದಿನ ಚಕ್ಕಡಿಯಲ್ಲಿ ಮೂಡಲಗಿಗೆ ಕರೆದುಕೊಂಡು ಹೋಗಿ, ಬೆಲ್ಲದ ಪೆಂಟೆ ತೂಗುವ ಅಡತಿ ಅಂಗಡಿಯ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದ. ಸುತ್ತಲಿನ ಗಂಡಸರು ಈ ಹೆಣ್ಣುಮಗಳು ಎಷ್ಟು ಮಣ ಎಂದು ನೋಡಲು ಕತ್ತು ಚಾಚಿದರು. ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು ನಾನು ಅಲುಗಾಡದೆ ನಿಂತೆ. ಅಂಗಡಿಯ ಗುಮಾಸ್ತ ಡಾಕ್ಟರ ಕಾಗದ ಇಸಿದುಕೊಂಡು, ಲೆಕ್ಕ ಹಾಕಿ, "ಎಂಟ ಪೌಂಡ ಇಳದಾರಲ್ರಿ ಇವ್ರು!" ಎಂದ. ನನ್ನ ಗಂಡ ಕಾಗದ ಮಡಚಿ ಕಿಸೆಗಿಟ್ಟುಕೊಂಡ. ಹಾದಿಯುದ್ದಕ್ಕೂ ಎತ್ತುಗಳ ಜೊತೆ ಮಾತಾಡಿದ, ನನ್ನ ಜೊತೆ ಆಡಲಿಲ್ಲ. ಮನೆಗೆ ಬಂದು ತಾಯಿಯ ಮುಂದೆಯೂ ಆಡಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಡಾಕ್ಟರು ಕೊಟ್ಟ ಆರು ಊಟವನ್ನು ಈ ಗಂಡಸು ಕಿಸೆಯಲ್ಲಿ ಮಡಚಿಟ್ಟುಕೊಂಡು ಕೂತ. ನಾನು ಸಾಯುತ್ತೇನೆ ಎನ್ನುವುದು ಅವತ್ತು ನನಗೆ ಖಾತ್ರಿಯಾಯಿತು. ಸಾಯಲು ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು, ಜೋಳದ ಹಗೇವು ತುಂಬಿದ ಮನೆಯಲ್ಲಿ ಹಸಿದು ಸಾಯುವುದೆಂದರೇನು!

ಭಾರತ ಹುಣ್ಣಿಮೆ ಬಂತು. ಎಲ್ಲವ್ವನ ಹೆಸರಿನಲ್ಲಿ ಮನೆತುಂಬ ಹೋಳಿಗೆ. ನಸುಕಿನಲ್ಲೇ ಎದ್ದು ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ಒಳಕಲ್ಲಿನಲ್ಲಿ ಹೂರಣ ರುಬ್ಬಿದೆ. ನೈವೇದ್ಯ ಆಗುವ ಮುಂಚೆ ನಾಲಿಗೆಗೆ ಹಚ್ಚಿಕೊಂಡರೂ ಪಾಪ. ನೈವೇದ್ಯ ಆಯಿತು, ಗಂಡಸರು ಉಂಡರು, ಬಂದ ಬೀಗರು ಉಂಡರು, ಆಳು ಉಂಡ, ಅತ್ತೆ ಉಂಡಳು. ನಡುವೆ ಎರಡು ಸಲ ನನಗೆ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದುಕೊಂಡೆ. ಕಡೆಗೆ "ನೀನೂ ಉಣ್ಣ" ಎಂಬ ಮಾತು ಬಂದಾಗ ಹೊತ್ತು ಪೂರಾ ವಾಲಿತ್ತು. ಅನ್ನ ತಳಕ್ಕೆ ಹತ್ತಿಕೊಂಡಿತ್ತು, ಅವತ್ತು ರೊಟ್ಟಿ ಮಾಡಿರಲಿಲ್ಲ. ಉಳಿದದ್ದು ಹೋಳಿಗೆ. ಬೆಲ್ಲ ಮುಟ್ಟಬಾರದೆಂದು ನನಗೆ ನೆನಪಿತ್ತು. ಎರಡು ಹೋಳಿಗೆಯನ್ನು ಉಸಿರು ತಿರುಗಿಸದೆ ನುಂಗಿದೆ.

ಎದೆ ಹೊಡೆದುಕೊಂಡಿತು, ಕರುಳು ತಿರುಚಿತು, ಅದನ್ನು ಹಲ್ಲು ಕಚ್ಚಿ ತಡೆದು ಪಾತ್ರೆ ತಿಕ್ಕಿದೆ. ಖರೆ ಸಂಕಟ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಸಂಜೆಯ ಊಟಕ್ಕೆ ಬೇರೆ ಅನ್ನ ಮಾಡಿಟ್ಟು, ಪಡಸಾಲೆಯಲ್ಲಿ ಗಂಡಸರ ತಾಟು ಹಾಕುತ್ತಿದ್ದೆ. ಕೈಯಿಂದ ತಾಟು ಜಾರಿತು. ಮೈಯೆಲ್ಲ ಥರಥರ ನಡುಗತೊಡಗಿತು, ಬೆವರು ಧಾರೆಯಾಗಿ ಇಳಿಯಿತು, ನಾಲಿಗೆ ತಿರುಗಲಿಲ್ಲ. ಗೋಡೆಗೆ ಒರಗಿದೆ, ಹಾಗೇ ಕುಸಿದೆ, ತುರುಬು ಬಿಚ್ಚಿ ಕೂದಲು ಮುಖದ ಮೇಲೆ ಬಿತ್ತು. ತಲೆ ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿತ್ತು.

ಹೋಳಿಗೆ ಇಸಿದುಕೊಳ್ಳಲು ಬಂದಿದ್ದ ಬಾಜೂ ಮನೆಯವಳು, ನನಗೆ ಕಳ್ಳಿ ಪಟ್ಟ ಕಟ್ಟಿದ ಅದೇ ಪುಣ್ಯಾತ್ಗಿತ್ತಿ, ನನ್ನನ್ನು ನೋಡಿ ಎರಡೂ ಕೈ ಎತ್ತಿದಳು. "ಉಧೋ! ಉಧೋ! ಅವ್ವ ಬಂದಾಳ! ಹುಣ್ಣಿವಿ ದಿನಾ ಎಲ್ಲವ್ವ ಮೈಯಾಗ ಬಂದಾಳ!"

ಮನೆಯ ಗಾಳಿಯೇ ಬದಲಾಯಿತು. ಮಾವ ಎದ್ದು ನಿಂತು ಟೊಪ್ಪಿಗೆ ತೆಗೆದರು. ಅತ್ತೆ ಒಳಗಿನಿಂದ ದೇವಿಯ ಅರಿಸಿನದ, ಭಂಡಾರದ ಬಟ್ಟಲು ತಂದು ನನ್ನ ಹಣೆಗೆ ಬಳಿದಳು. ನನ್ನ ಗಂಡ ದೂರ ಸರಿದು ಕೈ ಮುಗಿದ. ನಾನು ಸಾಯುತ್ತೇನೆಂದು ಬಾಯಿಬಿಟ್ಟು ಹೇಳಿದಾಗ ಮುಗಿಯದ ಕೈ ಈಗ ಮುಗಿಯಿತು. ಅತ್ತೆ ಒಂದು ತಾಟಿನಲ್ಲಿ ಮೊಸರನ್ನ, ಬಾಳೆಹಣ್ಣು, ಒಂದು ಲೋಟ ಹಾಲು ಇಟ್ಟುಕೊಂಡು ಬಂದು ನನ್ನ ಮುಂದೆ ಮೊಣಕಾಲೂರಿದಳು, ಸೆರಗೊಡ್ಡಿದಳು. "ಯವ್ವಾ, ತಾಯಿ, ಏನ್ ತಪ್ಪಾತ ನಮ್ದು? ನಿನಗ ಏನ ಬೇಕ ಹೇಳ. ಉಣ್ಣ ನನ್ನವ್ವ, ಉಣ್ಣ." ತನ್ನ ಕೈಯಿಂದಲೇ ಮೊಸರನ್ನ ಕಲಸಿ ಸಣ್ಣ ತುತ್ತು ಮಾಡಿ ನನ್ನ ಬಾಯಿಗೆ ಇಟ್ಟಳು. ಐದು ವರ್ಷದಲ್ಲಿ ಆ ಕೈ ನನಗೆ ತುತ್ತು ಕೊಟ್ಟದ್ದು ಅದೇ ಮೊದಲು. ಅಗಿದೆ. ಇನ್ನೊಂದು ಕೊಟ್ಟಳು. ಬಾಳೆಹಣ್ಣನ್ನು ಸುಲಿದು ಹಿಡಿದಳು. ನಾಲ್ಕು ತುತ್ತಿಗೆ ನಡುಕ ಇಳಿಯತೊಡಗಿತು, ಕಣ್ಣು ತಿಳಿಯಾಯಿತು.

"ದಿನಾ ಎಷ್ಟ ಹೊತ್ತ ನೈವೇದ್ಯ ಬೇಕ ಕೇಳಬೇ" ಎಂದು ಬಾಜೂ ಮನೆಯವಳು ಅತ್ತೆಯ ಕಿವಿಯಲ್ಲಿ ಉಸುರಿದಳು.

ಅತ್ತೆ ಕೇಳಿದಳು. "ಎಷ್ಟ ಹೊತ್ತ ಬೇಕ ತಾಯಿ? ಮೂರ ಹೊತ್ತ? ನೀ ಎಷ್ಟಂದ್ರ ಅಷ್ಟ. ನಾ ನಿಂತ ಮಾಡ್ತೇನಿ."

ಆರು ಎಂದಿದ್ದರೆ ಸಾಕಿತ್ತು. ಮೂರು ಬೆರಳು ಮತ್ತೆ ಮೂರು ಬೆರಳು ತೋರಿಸಿದ್ದರೂ ಸಾಕಿತ್ತು. ನಾಳೆಯಿಂದ ಸೂರ್ಯ ಹುಟ್ಟುವ ಮುಂಚೆ ನನಗೆ ಹಾಲು ಅನ್ನ, ಗಂಡಸರಿಗಿಂತ ಮೊದಲು, ಮನೆಯವರೆಲ್ಲ ಕೈ ಮುಗಿದು ನಿಂತು. ಜೀವ ಉಳಿಯುತ್ತಿತ್ತು. ನಾನು ಸುಳ್ಳು ಹೇಳದ ಸತ್ಯವಂತಳೇನಲ್ಲ, ಸೇಂಗಾ ಕದ್ದವಳು. ಆದರೆ ಆಕೆ ಮೊಣಕಾಲೂರಿ ಸೆರಗೊಡ್ಡಿ ಕೂತದ್ದನ್ನು ನೋಡಿ ನನಗೆ ಅಡಿಯಿಂದ ಮುಡಿಯವರೆಗೆ ಸಿಟ್ಟು ಹತ್ತಿತು. ಇದೇ ಬಾಯಿ, ಇದೇ ಹೊಟ್ಟೆ. ದೇವಿಯದಾದರೆ ಹೊತ್ತು ಹೊತ್ತಿಗೆ ತುತ್ತು, ನನ್ನದಾದರೆ ಎಮ್ಮೆಯ ಮಾತು. ಧೈರ್ಯ ಬಂತೆಂದು ಯಾರೂ ತಿಳಿಯಬೇಡಿ, ಬಂದದ್ದು ಬರೀ ಹಟ.

"ಎಲ್ಲವ್ವ ಅಲ್ರಿ" ಎಂದೆ. "ನಾನ. ನಿಮ್ಮ ಸೊಸಿ. ನನಗ ಹಸಿವ್ಯಾಗೈತಿ."

ಅತ್ತೆಯ ಕೈಯಲ್ಲಿ ಇನ್ನೊಂದು ತುತ್ತು ಇತ್ತು, ಅದನ್ನು ತಾಟಿಗೆ ವಾಪಸು ಹಾಕಿದಳು. ನನ್ನ ಕಣ್ಣು ನೋಡಿದಳು, ನಾನೇ ಎಂದು ಖಾತ್ರಿ ಮಾಡಿಕೊಂಡಳು. "ಥೂ, ನಿನ್ನ ಬಾಯಾಗ ಮಣ್ಣ ಹಾಕ್ಲಿ! ದೇವಿ ಹೆಸರ್ಲೆ ನಾಟಕ ಮಾಡ್ತಿ?" ತಾಟು ಎತ್ತಿಕೊಂಡು ಎದ್ದಳು. ನಾಲ್ಕು ತುತ್ತು ಕಡಿಮೆಯಾಗಿದ್ದ ಆ ಮೊಸರನ್ನವನ್ನು ಒಯ್ದು, ಗಂಡಸರ ಸಾಲಿನಲ್ಲಿ, ಮೈದುನ ಕೂರುವ ಜಾಗದಲ್ಲಿ ಕುಕ್ಕಿದಳು. "ಉಣ್ಣಾಕ ಕುಂಡರ್ರಿ, ಹೊತ್ತಾತು" ಎಂದು ಗಂಡಸರಿಗೆ ಹೇಳಿದಳು. ಬಾಜೂ ಮನೆಯವಳು ಹೋಳಿಗೆ ಮರೆತು ಹಿತ್ತಲ ಬಾಗಿಲಿನಿಂದ ಜಾರಿದಳು.

ನಾನು ಎದ್ದೆ. ಗೋಡೆ ಹಿಡಿದೇ ನಡೆದೆ. ಮೈದುನ ಇನ್ನೂ ಕೂತಿರಲಿಲ್ಲ. ಅವನ ಜಾಗದಲ್ಲಿ, ಮಾವ ಮತ್ತು ಗಂಡನ ಮಗ್ಗುಲಲ್ಲಿ, ನಾನು ಕೂತೆ. ಹಣೆಯ ಮೇಲೆ ಭಂಡಾರ ಹಾಗೇ ಇತ್ತು, ಕೂದಲು ಹಾಗೇ ಹರಡಿತ್ತು. ತಾಟು ಮುಂದೆ ಎಳೆದುಕೊಂಡು ಉಣ್ಣತೊಡಗಿದೆ. ಮಾವ ಹೋಳಿಗೆ ಮುರಿಯಲು ಎತ್ತಿದ ಕೈ ಅಲ್ಲೇ ನಿಂತಿತು. ನನ್ನ ಗಂಡ ಮೆಲ್ಲಗೆ, "ಏಳ, ಒಳಗ ಹೋಗ" ಎಂದ. ನಾನು ಅವನ ಕಡೆ ತಿರುಗದೆ, "ಕಿಸೇದಾಗಿನ ಕಾಗದ ತಗದ ನಿಮ್ಮವ್ವಗ ಓದಿ ಹೇಳ್ರಿ" ಎಂದೆ. ಅವನು ಕಿಸೆಯ ಮೇಲೆ ಕೈ ಮುಚ್ಚಿಕೊಂಡ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ ಎಂದುಕೊಂಡೆ. ಆಕೆಯ ದನಿ ಬೇರೆಯೇ ಆಗಿತ್ತು. "ಹಸಿವಿ ಅಂದ್ರೇನ ನನಗ ಗೊತ್ತಿಲ್ಲೇನ? ಈ ಮನಿಗೆ ಬಂದಾಗ ನನಗ ಹನ್ನೊಂದ ವರ್ಷ. ನಮ್ಮತ್ತಿ ಹಾಕೂ ಒಂದ ರೊಟ್ಟಿ ಸಾಲದ, ಎಮ್ಮಿ ಕಲಗಚ್ಚಿನ್ಯಾಗಿನ ಅನ್ನದ ಅಗಳ ಆರಿಸಿ ತಿಂದೇನಿ ನಾ. ಬಸರಿದ್ದಾಗ ತಿಂದೇನಿ. ಯಾರಿಗಾದ್ರೂ ಹೇಳೇನೇನ? ಗಂಡಸರ ಸಾಲಿನ್ಯಾಗ ಬಂದ ಕುಂತೇನೇನ? ಹಸಿವಿ ಅಂದ್ರೇನ ನಿನಗಿಂತ ಛಲೋ ಗೊತ್ತೈತಿ ನನಗ."

ಮಾವ ತಲೆ ತಗ್ಗಿಸಿದರು. ನಾನು ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದೆ.

"ಗೊತ್ತಿದ್ದೂ ಹಾಕಲಿಲ್ಲಲ್ರಿ, ಅತ್ತಿ" ಎಂದೆ.

ಆಕೆ ತಿರುಗಿದಳು. ಒಳಗೆ ಹೋಗಿ ಒಲೆಯ ಕಡೆ ಮುಖ ಮಾಡಿ ಕೂತಳು. ನಾನು ನನಗೆ ಹಿಡಿಸುವಷ್ಟು ಉಂಡು, ಕೈ ತೊಳೆದೆ. ಮರುದಿನದಿಂದ ಯಾರನ್ನೂ ಕೇಳದೆ ರೊಟ್ಟಿಯ ಬುಟ್ಟಿಗೆ ಕೈ ಹಾಕಿದೆ. ಯಾರೂ ತಡೆಯಲಿಲ್ಲ. ಆದರೆ ಆ ಹುಣ್ಣಿಮೆಯ ರಾತ್ರಿ ಗಂಡಸರು ಉಂಡೆದ್ದ ಮೇಲೆ ಆಕೆಗೆ ನೀಡಬೇಕಾದವಳು ನಾನೇ ಆಗಿದ್ದೆ. ಆಕೆ ಒಲೆಯ ಮುಂದಿನಿಂದ ಏಳಲಿಲ್ಲ, ಬೇಡಲೂ ಇಲ್ಲ. ಆಕೆ ಉಂಡಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಹಾಕಲಿಲ್ಲ.